ಸಾವಯವ ವೈನ್ ಸ್ಪರ್ಧೆಗೆ ಕೈ ಹಾಕಿರುವ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ದಾವಣಗೆರೆಯಲ್ಲಿ ಸಾವಯವ ವೈನುಗಳ ಸ್ಪರ್ಧೆ ಮಾಡುತ್ತೇನೆ, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀಯ. ದಾಖಲೆಗಳಿಂದ ಶುರು ಮಾಡು, ಗ್ಲಾಸಿನ ಮಾತು ಆಮೇಲೆ. ದ್ರಾಕ್ಷಿ ಸಾವಯವವೋ ಅಲ್ಲವೋ ಎಂದು ಎಂಥ ಪಳಗಿದ ನಾಲಿಗೆಯೂ ಹೇಳಲಾರದು. ಅದನ್ನು ಬಾಗಿಲಲ್ಲೇ ತೀರ್ಮಾನಿಸಿ ಮುಗಿಸಬೇಕು. ಒಳಗೆ ಬಂದ ವೈನಿಗೆ "ಪಾಪ, ಸಾವಯವ" ಎಂದು ಒಂದು ಅಂಕವೂ ಹೆಚ್ಚಿಗೆ ಸಿಗಬಾರದು. ಇದೊಂದು ವಿಷಯದಲ್ಲಿ ಯಾರ ಮಾತಿಗೂ ಬಗ್ಗಬೇಡ.

ನಮ್ಮ ದೇಶದ ಎನ್‌ಪಿಒಪಿ, ಅಂದರೆ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ ನಿಯಮದಲ್ಲಿ, ದ್ರಾಕ್ಷಿಯಂಥ ಬಹುವಾರ್ಷಿಕ ಬೆಳೆಗೆ ಪರಿವರ್ತನೆಯ ಅವಧಿ, ಅಂದರೆ ರಾಸಾಯನಿಕ ಬಿಟ್ಟು ಸಾವಯವ ಎನಿಸಿಕೊಳ್ಳಲು ಬೇಕಾದ ಕಾಲ, 3 ವರ್ಷ. "ಹೋದ ವರ್ಷದಿಂದ ರಾಸಾಯನಿಕ ಬಿಟ್ಟಿದ್ದೇವೆ" ಎನ್ನುವವರನ್ನು ಪ್ರೀತಿಯಿಂದ ಮಾತಾಡಿಸು, ಆದರೆ ಈ ಸಲ ಸೇರಿಸಬೇಡ. ತೋಟದ ಪ್ರಮಾಣಪತ್ರ ಬೇರೆ, ವೈನ್ ಮಾಡುವ ಘಟಕದ್ದು ಬೇರೆ; ಎರಡನ್ನೂ ಕೇಳು. ಜೊತೆಗೆ ಆ ವರ್ಷ ಮಾರಿದ ದ್ರಾಕ್ಷಿಯ ತೂಕ ಬರೆದಿರುವ ಟ್ರಾನ್ಸಾಕ್ಷನ್ ಸರ್ಟಿಫಿಕೇಟನ್ನೂ ತರಿಸಿಕೊ. ಆಮೇಲೆ ಒಂದು ಸಣ್ಣ ಲೆಕ್ಕ ಹಾಕು. 1 ಟನ್ ದ್ರಾಕ್ಷಿಗೆ 600ರಿಂದ 700 ಲೀಟರ್ ವೈನ್ ಬರುತ್ತದೆ, ಅಂದರೆ 750 ಮಿಲಿಯ 800-900 ಬಾಟಲಿ. ಕಾಗದದಲ್ಲಿ 2 ಟನ್ ಇದ್ದು, ಅರ್ಜಿಯಲ್ಲಿ 5,000 ಬಾಟಲಿ ಎಂದಿದ್ದರೆ ಉಳಿದ ದ್ರಾಕ್ಷಿ ಎಲ್ಲಿಂದ ಬಂತು ಎಂದು ಕೇಳಲೇಬೇಕು. ತೋಟದವರನ್ನು ಇನ್ನೂ ಒಂದು ಮಾತು ಕೇಳು: ಚಾಟನಿ (ಬಳ್ಳಿಯ ಕೊಂಬೆ ಕತ್ತರಿಸುವುದು) ಆದ ಮೇಲೆ ಬಳ್ಳಿಯ ಕಣ್ಣು ಒಡೆದು ಚಿಗುರಲು ಏನು ಹಚ್ಚಿದಿರಿ? ನಮ್ಮ ಸೀಮೆಯ ದ್ರಾಕ್ಷಿ ತೋಟಗಳಲ್ಲಿ ಹೈಡ್ರೋಜನ್ ಸಯನಮೈಡ್ ಹಚ್ಚುವುದು ಎಷ್ಟು ರೂಢಿಯೆಂದರೆ ಅದೂ ರಾಸಾಯನಿಕ ಎಂಬುದು ಎಷ್ಟೋ ಜನರಿಗೆ ಹೊಳೆಯುವುದಿಲ್ಲ. ಸಾವಯವದಲ್ಲಿ ಅದಕ್ಕೆ ಜಾಗವಿಲ್ಲ. ಶಿಲೀಂಧ್ರ ರೋಗಕ್ಕೆ ಸಿಂಪಡಿಸುವ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣಕ್ಕೆ ಮಿತಿಯೊಳಗೆ ಅವಕಾಶವಿದೆ.

ಸಲ್ಫೈಟಿನ (ವೈನ್ ಕೆಡದಂತೆ ಹಾಕುವ ಸಂರಕ್ಷಕ, ಇದನ್ನು ಸಲ್ಫರ್ ಡೈಆಕ್ಸೈಡ್ ಲೆಕ್ಕದಲ್ಲಿ ಅಳೆಯುತ್ತಾರೆ) ನಿಯಮವನ್ನು ಅರ್ಜಿ ಕರೆಯುವ ಮೊದಲೇ ಬರೆದಿಡು, ದೊಡ್ಡ ಜಗಳಗಳೆಲ್ಲ ಅಲ್ಲಿಂದಲೇ ಹುಟ್ಟುತ್ತವೆ. ಯುರೋಪಿನ ಒಕ್ಕೂಟ 2012ರಲ್ಲಿ ತಂದ ಸಾವಯವ ವೈನಿನ ನಿಯಮದ ಪ್ರಕಾರ, ಸಿಹಿ ಉಳಿಯದ ಕೆಂಪು ವೈನಿನಲ್ಲಿ ಒಟ್ಟು ಸಲ್ಫರ್ ಡೈಆಕ್ಸೈಡ್ ಲೀಟರಿಗೆ 100 ಮಿಲಿಗ್ರಾಂ, ಬಿಳಿ ಮತ್ತು ರೋಸೆಯಲ್ಲಿ (ತಿಳಿಗೆಂಪು ವೈನ್) 150 ಮಿಲಿಗ್ರಾಂ ದಾಟಬಾರದು. ಅಮೆರಿಕದಲ್ಲಿ "ಸಾವಯವ ವೈನ್" ಎಂದು ಬರೆಯಬೇಕಾದರೆ ಸಲ್ಫೈಟ್ ಸೇರಿಸುವಂತೆಯೇ ಇಲ್ಲ. ಸಾವಯವ ದ್ರಾಕ್ಷಿಯಿಂದ ಮಾಡಿದ್ದು ಎಂದಷ್ಟೇ ಬರೆದರೆ ಲೀಟರಿಗೆ 100 ಮಿಲಿಗ್ರಾಂವರೆಗೆ ಬಿಡುತ್ತಾರೆ. ನೀನು ಯುರೋಪಿನ ಅಳತೆ ಹಿಡಿದುಕೊ, ಸೇರಿಸದವರಿಗೆ ಬೇರೆ ವಿಭಾಗ ಮಾಡು. ಆ ವಿಭಾಗಕ್ಕೆ ಸೊನ್ನೆ ಎಂಬ ಮಿತಿ ಮಾತ್ರ ಇಡಬೇಡ: ಹುದುಗುವಾಗ ಯೀಸ್ಟ್ ತಾನೇ ಸ್ವಲ್ಪ ಸಲ್ಫೈಟ್ ಉಂಟುಮಾಡುತ್ತದೆ, ಪ್ರಾಮಾಣಿಕರೇ ಸಿಕ್ಕಿಬೀಳುತ್ತಾರೆ. ಲ್ಯಾಬಿಗೆ ಕೊಡುವಾಗಲೂ ಎಚ್ಚರ. ಅಯೋಡಿನ್ ಹನಿ ಹನಿಯಾಗಿ ಹಾಕಿ, ಬಣ್ಣ ಬದಲಾಗುವತನಕ ಎಷ್ಟು ಹಿಡಿಯಿತು ಎಂದು ಅಳೆಯುವ ಅಯೋಡಿನ್ ಟೈಟ್ರೇಷನ್ ಅಗ್ಗ, ಆದರೆ ಕೆಂಪು ವೈನಿನ ಒಗರೂ ಅಯೋಡಿನ್ನನ್ನು ಕುಡಿಯುವುದರಿಂದ ಅಂಕಿ ಹೆಚ್ಚಾಗಿ ಬರುತ್ತದೆ. ಬಣ್ಣದ ನಡುವೆ ಟೈಟ್ರೇಷನ್ ಮುಗಿದದ್ದೂ ಸರಿಯಾಗಿ ಕಾಣುವುದಿಲ್ಲ. ಗಾಳಿ ಹಾಯಿಸಿ ಅಳೆಯುವ ಆಸ್ಪಿರೇಷನ್ ವಿಧಾನವೇ ಬೇಕು ಎಂದು ಬರೆದುಕೊಡು.

ಪ್ರತಿ ವೈನಿನ 4 ಬಾಟಲಿ ತರಿಸು. ಒಂದು ಲ್ಯಾಬಿಗೆ, ಒಂದು ತೀರ್ಪಿಗೆ, ಒಂದು ಬಿರಡೆ ಕೆಟ್ಟಿದ್ದರೆ ತೆರೆಯಲು. ನಾಲ್ಕನೆಯದನ್ನು ಅರಗಿನ ಮೊಹರು ಹಾಕಿ 6 ತಿಂಗಳು ತೆಗೆದಿಡು, ಯಾರಾದರೂ ತಕರಾರು ತೆಗೆದರೆ ಬೇಕಾಗುತ್ತದೆ. ಪರವಾನಗಿಗೆ ಜಿಲ್ಲೆಯ ಅಬಕಾರಿ ಉಪ ಆಯುಕ್ತರ ಕಚೇರಿಗೆ ಮೂರು ತಿಂಗಳ ಮೊದಲೇ ಲಿಖಿತ ಅರ್ಜಿ ಕೊಡು. ಬಾಟಲಿಗಳ ಎಣಿಕೆ, ಬರುವ ದಾರಿ, ಉಳಿದದ್ದನ್ನು ಏನು ಮಾಡುತ್ತೀಯ ಎಂಬುದು, ಎಲ್ಲ ಅದರಲ್ಲಿರಲಿ. ಹೊರರಾಜ್ಯದ ಬಾಟಲಿಗೆ ಪರ್ಮಿಟ್ ಕೈಗೆ ಬರುವತನಕ ಲಾರಿ ಹೊರಡಿಸಬೇಡ.

ದಿನಾಂಕ: ಸಂಕ್ರಾಂತಿಗೆ ಮುಂಚಿನ ಎರಡು ವಾರ. ಫೆಬ್ರವರಿ-ಮಾರ್ಚ್‌ನಲ್ಲಿ ಕೊಯ್ದ ದ್ರಾಕ್ಷಿಯ ವೈನಿಗೆ ಆಗ ಸುಮಾರು ಹತ್ತು ತಿಂಗಳಾಗಿರುತ್ತದೆ, ಮುಂದಿನ ಕೊಯ್ಲೂ ಶುರುವಾಗಿರುವುದಿಲ್ಲ. ಏಪ್ರಿಲ್‌ನ ದಾವಣಗೆರೆ ಬಿಸಿಲಿನಲ್ಲಿ ಮಾತ್ರ ಬೇಡ. ಹಗಲು ಲಾರಿಯಲ್ಲಿ ಬಂದ ಬಾಟಲಿಯ ವೈನ್ ಹಿಗ್ಗಿ ಬಿರಡೆಯನ್ನು ಮೇಲಕ್ಕೆ ತಳ್ಳುತ್ತದೆ, ತಣಿದಾಗ ಗಾಳಿ ಎಳೆದುಕೊಳ್ಳುತ್ತದೆ. ಸಲ್ಫೈಟ್ ಕಡಿಮೆ ಇರುವ ವೈನಿಗೆ ಅಷ್ಟು ಗಾಳಿಯೇ ಸಾಕು. ಚಳಿಗಾಲದಲ್ಲೂ ರಾತ್ರಿಯೇ ಸಾಗಿಸಲಿ, ಬಂದ ಮೇಲೆ ತಂಪು ಕೋಣೆಯಲ್ಲಿ ಎರಡು ವಾರ ಮಲಗಿಸಿಡು.

ಕಲ್ಯಾಣ ಮಂಟಪ ಬೇಡ. ಅಡುಗೆಮನೆಯ ಒಗ್ಗರಣೆ, ಊದುಬತ್ತಿ, ಫಿನಾಯಿಲು, ಯಾವುದೂ ಹತ್ತಿರ ಸುಳಿಯಬಾರದು. ಬಿಳಿ ಗೋಡೆ, ಬಿಳಿ ಮೇಜುಬಟ್ಟೆ, 20-22 ಡಿಗ್ರಿ ಇರುವ ಕೋಣೆ ಹುಡುಕು. ತೀರ್ಪುಗಾರರು ಅತ್ತರು ಹಚ್ಚಿ ಬರಬಾರದು, ಎಲೆಅಡಿಕೆ ಹಾಕಿ ಬರಬಾರದು. ಬೆಣ್ಣೆದೋಸೆ, ಮಿರ್ಚಿ-ಮಂಡಕ್ಕಿಗೆಲ್ಲ ಕೆಲಸ ಮುಗಿದ ಮೇಲೆ ಕರೆದುಕೊಂಡು ಹೋಗು. ಮೇಜಿನ ಮೇಲೆ ನೀರು, ಉಪ್ಪಿಲ್ಲದ ಬ್ರೆಡ್ಡು, ಪ್ರತಿಯೊಬ್ಬರಿಗೂ ಉಗುಳಲು ಒಂದು ಪಾತ್ರೆ ಇದ್ದರೆ ಸಾಕು.

ಗ್ಲಾಸಿನಲ್ಲಿ ಜಿಪುಣತನ ಮಾಡಬೇಡ. ವೈನ್ ರುಚಿ ನೋಡುವ ಗ್ಲಾಸಿಗೆಂದೇ ಇರುವ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 3591ರ ಅಳತೆಯ, ಸುಮಾರು 215 ಮಿಲಿ ಹಿಡಿಯುವ ಗ್ಲಾಸು ತರಿಸಿ 50 ಮಿಲಿ ಸುರಿ. ಐವರು ತೀರ್ಪುಗಾರರಿಗೆ 250 ಮಿಲಿ, ಬಾಟಲಿಯಲ್ಲಿ ಇನ್ನೊಂದು ಸುತ್ತಿಗೆ ಉಳಿಯುತ್ತದೆ. 60 ವೈನ್ ಬಂದರೆ ಎರಡು ತಂಡ, ತಂಡಕ್ಕೆ 30, ಸುತ್ತಿಗೆ 6. ಒಂದು ತಂಡದ ಒಂದು ಸುತ್ತಿಗೆ 30 ಗ್ಲಾಸು, ಒಂದು ಜೊತೆ ಮೇಜಿನ ಮೇಲಿದ್ದಾಗ ಇನ್ನೊಂದು ತೊಳೆಯುತ್ತಿರಬೇಕು. ಒಟ್ಟು 120, ಒಡೆಯುವುದಕ್ಕೆಂದು ಇನ್ನೊಂದು 20. ಬಿಸಿನೀರಿನಲ್ಲಿ ತೊಳೆದು ಬಾಯಿ ಕೆಳಗೆ ಮಾಡಿ ಒಣಗಿಸು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆಯ ಮುಗ್ಗಲು ವಾಸನೆ ಗ್ಲಾಸಿಗೆ ಹತ್ತುತ್ತದೆ, ಆಮೇಲೆ ಬೈಗುಳ ತಿನ್ನುವುದು ವೈನ್.

ಬಿಳಿ ವೈನ್ 10 ಡಿಗ್ರಿ, ಕೆಂಪು 16-18. ಕೆಂಪನ್ನು "ಕೋಣೆಯ ಉಷ್ಣತೆ"ಯಲ್ಲಿ ಕೊಡಿ ಎಂಬ ಮಾತು ಚಳಿದೇಶದ ಕೋಣೆಗೆ ಹೇಳಿದ್ದು. ನಮ್ಮ ಮಧ್ಯಾಹ್ನದ 29 ಡಿಗ್ರಿಯಲ್ಲಿ ಆಲ್ಕೋಹಾಲು ಒಂದೇ ಮೂಗಿಗೆ ಹೊಡೆಯುತ್ತದೆ. ಟಬ್ಬಿಗೆ ಬರೀ ಐಸ್ ತುಂಬಬೇಡ, ಅರ್ಧ ಐಸ್ ಅರ್ಧ ನೀರು ಇರಲಿ. ಬಾಟಲಿಗೆ ಸುತ್ತಲೂ ತಣ್ಣೀರು ತಾಗಿ ಅರ್ಧ ಗಂಟೆಯಲ್ಲಿ ತಂಪಾಗುತ್ತದೆ, ಕರೆಂಟು ಹೋದರೂ ಚಿಂತೆಯಿಲ್ಲ.

ಬಾಟಲಿ ತೆರೆದು ಸುರಿಯುವ ಕೋಣೆ ಬೇರೆಯೇ ಇರಲಿ. ಬಾಟಲಿಯ ಆಕಾರ, ಮುಚ್ಚಳ ಕಂಡರೂ ಸುಳಿವು ಸಿಗುತ್ತದೆ, ಆದ್ದರಿಂದ ಗ್ಲಾಸು ಮಾತ್ರ ಒಳಗೆ ಬರಬೇಕು. ಪ್ರತಿ ಗ್ಲಾಸಿಗೆ ಮನಸ್ಸಿಗೆ ಬಂದ ಮೂರಂಕಿಯ ಸಂಖ್ಯೆ ಕೊಡು. 1, 2, 3 ಎಂದು ಕೊಟ್ಟರೆ ಮೊದಲನೆಯದಕ್ಕೆ ಗೊತ್ತಿಲ್ಲದೆಯೇ ಮಣೆ ಹಾಕುತ್ತಾರೆ. ಬೆಳಿಗ್ಗೆ 10ಕ್ಕೆ ಒಣ ಬಿಳಿ, ನಂತರ ರೋಸೆ, ಕೆಂಪು, ಕೊನೆಗೆ ಸಿಹಿ. ಚಿತ್ರದುರ್ಗದ ಕಡೆಯ ದಾಳಿಂಬೆ ವೈನ್ ಬಂದರೆ ಹಣ್ಣಿನ ವೈನ್ ಎಂದು ಬೇರೆ ವಿಭಾಗದಲ್ಲಿಡು. ಕಾಳಿನ ಜೊತೆ ಸಿಪ್ಪೆ ಜಜ್ಜಿದ್ದರೆ ಬರುವ ಕಹಿಯನ್ನು ದ್ರಾಕ್ಷಿಯ ಒಗರಿನ ಪಕ್ಕ ಇಟ್ಟು ತೂಗಲಾಗದು.

ಅಂಕ 100ಕ್ಕೆ. ಐವರ ಅಂಕದ ಸರಾಸರಿ ತೆಗೆಯಬೇಡ, ಏರಿಕೆಯ ಸಾಲಿನಲ್ಲಿಟ್ಟು ನಡುವಿನದನ್ನು ತೆಗೆದುಕೊ. 88, 87, 86, 85, 62 ಬಂದರೆ ಸರಾಸರಿ 81.6ಕ್ಕೆ ಇಳಿಯುತ್ತದೆ, ನಡುವಿನದು 86. ಹಾಗೆಂದು ಆ 62 ಕೊಟ್ಟವರನ್ನು ಕಡೆಗಣಿಸಬೇಡ. ಸಲ್ಫೈಟ್ ಕಡಿಮೆ ಇರುವ ವೈನಿನಲ್ಲಿ ಬರುವ ಇಲಿ ವಾಸನೆಯ ದೋಷ ಮೂಗಿಗೆ ಸಿಗುವುದಿಲ್ಲ. ವೈನಿನ ಹುಳಿಯಲ್ಲಿ ಅದು ಅಡಗಿ ಕೂತಿರುತ್ತದೆ. ನುಂಗಿ ಅಥವಾ ಉಗುಳಿ ಹತ್ತಿಪ್ಪತ್ತು ಸೆಕೆಂಡಾದ ಮೇಲೆ, ಜೊಲ್ಲಿನಲ್ಲಿ ಹುಳಿ ಮುರಿದಾಗ, ನಾಲಿಗೆಯ ಹಿಂಭಾಗದಲ್ಲಿ ಮುಗ್ಗಿದ ಅಕ್ಕಿಮೂಟೆಯಂತೆ, ಇಲಿಗೂಡಿನಂತೆ ಏಳುತ್ತದೆ. ಜೊಲ್ಲಿನ ಗುಣ ಒಬ್ಬೊಬ್ಬರದು ಒಂದೊಂದು ಥರ, ಕೆಲವರಿಗೆ ಅದು ತಿಳಿಯುವುದೇ ಇಲ್ಲ. ಆದ್ದರಿಂದ ಅಂಕಗಳ ಅಂತರ 10 ದಾಟಿದರೆ ಎರಡನೇ ಬಾಟಲಿ ತೆರೆದು ಮತ್ತೆ ಕೊಡಿಸು. ಆಗಲೂ ಒಬ್ಬರು ಹೌದು ಎಂದರೆ, 20 ಮಿಲಿ ವೈನಿಗೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ ಮೂಸಿ ನೋಡಲಿ. ಹುಳಿ ಮುರಿದು ಅಡಗಿದ್ದ ವಾಸನೆ ಮೂಗಿಗೇ ಗೊತ್ತಾಗುತ್ತದೆ. ಒಂದು ವೈನ್ ಕುಡಿದು ಮುಂದಿನದಕ್ಕೆ ಕೈ ಹಾಕುವ ಮೊದಲು ಅರ್ಧ ನಿಮಿಷ ಕಾಯಬೇಕು ಎಂಬ ನಿಯಮವನ್ನೂ ಇದಕ್ಕಾಗಿಯೇ ಇಡು. ಅವಸರ ಮಾಡಿದರೆ ಈ ವೈನಿನ ದೋಷ ಮುಂದಿನದರ ತಲೆಗೆ ಕಟ್ಟುತ್ತದೆ.

ದಿನಕ್ಕೆ ಒಂದು ವೈನನ್ನು ಎರಡು ಬೇರೆ ಸಂಖ್ಯೆಯಲ್ಲಿ ಎರಡು ಸುತ್ತಿಗೆ ಕಳಿಸು. ಒಂದೇ ವೈನಿಗೆ 90 ಮತ್ತು 76 ಕೊಟ್ಟವರನ್ನು ಮುಂದಿನ ವರ್ಷ ಕರೆಯುವ ಮೊದಲು ಯೋಚಿಸು. ಪದಕ ಬಂದವರ ಪಾಲು ಬಂದ ವೈನುಗಳ ಶೇ. 30 ಮೀರದಿರಲಿ, ದ್ರಾಕ್ಷಿ ಮತ್ತು ವೈನಿನ ಅಂತರರಾಷ್ಟ್ರೀಯ ಸಂಸ್ಥೆ ಒಐವಿ ಇಟ್ಟಿರುವ ಮಿತಿಯೂ ಅಷ್ಟೇ. ಪದಕ ಬಾರದವರಿಗೂ ಅಂಕದ ಹಾಳೆ, ಲ್ಯಾಬಿನ ವರದಿ ಕಳಿಸು. ಮುಂದಿನ ಕೊಯ್ಲಿನೊಳಗೆ ಪೀಪಾಯಿ ತೊಳೆಯುವುದೋ, ಬಾಟಲಿ ತುಂಬುವಾಗ ಗಾಳಿ ತಡೆಯುವುದೋ ಅವರಿಗೆ ತಿಳಿಯಬೇಕಾದದ್ದು ಅದರಿಂದಲೇ.

ಗ್ಲಾಸು ಎಷ್ಟು ಸಿಕ್ಕವು, ಕೋಣೆ ಯಾವುದು ಎಂದು ಬರೆ. ಅರ್ಜಿ ನಮೂನೆಯ ಕರಡು ಆದ ಕೂಡಲೇ ಕಳಿಸು, ಓದಿ ತಿದ್ದಿಕೊಡುತ್ತೇನೆ.

ಇಂತಿ ನಿನ್ನ ಗೆಳೆಯ
ಚಿತ್ರದುರ್ಗ