36 ಸೆಷನ್‌ಗೆ ದುಡ್ಡು, 13 ಸೆಷನ್ ತರಬೇತಿ: ಹಣ ವಾಪಸಾತಿ ಕುರಿತು ದೂರು

ದಿನಾಂಕ: 27 ಜನವರಿ 2026
ಮುಲುಂಡ್ ಪಶ್ಚಿಮ, ಮುಂಬಯಿ

ಗೆ,
ಗ್ರಾಹಕ ದೂರು ಅಧಿಕಾರಿಗಳು,
ಪ್ರಧಾನ ಕಚೇರಿ, ಬೆಂಗಳೂರು

ವಿಷಯ: ನಿಮ್ಮ ಜಿಮ್‌ನ ಮುಲುಂಡ್ ಶಾಖೆಯ ಪರ್ಸನಲ್ ಟ್ರೈನಿಂಗ್ ಪ್ಯಾಕೇಜ್, 3 ನವೆಂಬರ್ 2025ರ ಬಿಲ್

ಮಾನ್ಯರೇ,

ಶಾಖೆಗೆ ನಾಲ್ಕು ಸಲ ಫೋನ್ ಮಾಡಿದ್ದೇನೆ, ಎರಡು ಇಮೇಲ್ ಕಳಿಸಿದ್ದೇನೆ, ಆ್ಯಪ್‌ನಲ್ಲಿ ಮೂರು ಟಿಕೆಟ್ ಹಾಕಿದ್ದೇನೆ. ಮೂರು ಟಿಕೆಟ್‌ಗಳನ್ನೂ ಒಂದಕ್ಷರ ಉತ್ತರ ಕೊಡದೆ 'ಪರಿಹರಿಸಲಾಗಿದೆ' ಎಂದು ಮುಚ್ಚಿದ್ದಾರೆ. ಇಲ್ಲಿ ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಹೇಳಿ ಸಾಕಾಗಿದೆ. ನಿಮ್ಮ ಪ್ರಧಾನ ಕಚೇರಿ ಬೆಂಗಳೂರಿನಲ್ಲಿದೆ, ಹಾಗಾಗಿ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. 36 ಸೆಷನ್, ಸೆಷನ್‌ಗೆ 1,000 ರೂಪಾಯಿಯಂತೆ 36,000. ಅದರ ಮೇಲೆ ಶೇ. 18 ಜಿಎಸ್‌ಟಿ 6,480. ಒಟ್ಟು 42,480 ರೂಪಾಯಿ ಒಂದೇ ಕಂತಿನಲ್ಲಿ ಕಟ್ಟಿಸಿಕೊಂಡಿದ್ದೀರಿ. ಜಿಮ್ ಸೇವೆಗಳ ಜಿಎಸ್‌ಟಿ 22 ಸೆಪ್ಟೆಂಬರ್ 2025ರಿಂದಲೇ ಶೇ. 5ಕ್ಕೆ ಇಳಿದಿದೆ. ನನ್ನ ಬಿಲ್ಲೂ ಪಾವತಿಯೂ ಆದದ್ದು ಅದಾದ ಆರು ವಾರಕ್ಕೆ. ತೆರಿಗೆ 1,800 ಆಗಬೇಕಿತ್ತು, 4,680 ಹೆಚ್ಚು ವಸೂಲಾಗಿದೆ. ಇದನ್ನು ಎತ್ತಿ ತೋರಿಸಿದಾಗ ಶಾಖೆಯಿಂದ ಬಂದ ಉತ್ತರ: 'ಸಿಸ್ಟಮ್‌ನಲ್ಲಿ ಹಾಗೇ ಬರುತ್ತೆ.' ಸಿಸ್ಟಮ್ ಸರಿಪಡಿಸಬೇಕಾದವರು ನೀವು. ಅದಕ್ಕೆ ಸದಸ್ಯರು ದಂಡ ಕಟ್ಟಬೇಕಾಗಿಲ್ಲ. ಅದೇ ವಾರ ಬಿಲ್ ಮಾಡಿಸಿಕೊಂಡ ಬೇರೆಯವರಿಗೂ ಹೀಗೇ ಆಗಿರಬೇಕು, ಅವರ ಬಿಲ್‌ಗಳನ್ನೂ ತೆಗೆದು ನೋಡಿ.

36 ಸೆಷನ್‌ಗಳಲ್ಲಿ ಸಿಕ್ಕಿದ್ದು 13. ಆ್ಯಪ್ ಮಾತ್ರ 19 ಎನ್ನುತ್ತದೆ. ಉಳಿದ ಆರು ದಿನ ಟ್ರೈನರ್ ಬರಲೇ ಇಲ್ಲ, ಆದರೂ ಸೆಷನ್ ಕಡಿತವಾಗಿದೆ. ನಾಲ್ಕು ಗಂಟೆ ಮುಂಚೆ ತಿಳಿಸದೆ ಸದಸ್ಯರು ತಪ್ಪಿಸಿದರೆ ಸೆಷನ್ ಹೋಗುತ್ತದೆ ಎಂಬ ಷರತ್ತು 9 ನನಗೆ ಗೊತ್ತು. ಟ್ರೈನರ್ ತಪ್ಪಿಸಿದರೆ ಸೆಷನ್ ಮರಳಿ ಜಮೆಯಾಗುತ್ತದೆ ಎಂಬುದು ಅದೇ ಷರತ್ತಿನ ಎರಡನೇ ಸಾಲು, ಅದು ನಿಮಗೂ ಗೊತ್ತು. ಆ ಆರೂ ಬೆಳಿಗ್ಗೆ ನಾನು 6:30ರೊಳಗೆ ಒಳಬಂದಿದ್ದೇನೆ ಎನ್ನುವುದಕ್ಕೆ ನಿಮ್ಮ ಗೇಟಿನ ಬೆರಳಚ್ಚು ದಾಖಲೆಯೇ ಸಾಕ್ಷಿ. ಟ್ರೈನರ್ ಒಳಬಂದ ದಾಖಲೆ ಇದ್ದರೆ ತೋರಿಸಿ.

ಸಿಕ್ಕ 13ರಲ್ಲಿ ಮೊದಲ ಒಂಬತ್ತಕ್ಕೆ ತಕರಾರಿಲ್ಲ. ಆ ಟ್ರೈನರ್ ಮೊದಲ ದಿನವೇ ಆರೋಗ್ಯ ಪ್ರಶ್ನಾವಳಿ ತುಂಬಿಸಿ, ಬಿಪಿ ನೋಡಿ, ಬಲ ಮೊಣಕಾಲಿನ ಹಳೇ ಮೆನಿಸ್ಕಸ್ (ಕೀಲಿನೊಳಗಿನ ಮೆತ್ತೆಯಂಥ ಮೃದ್ವಸ್ಥಿ) ಗಾಯವನ್ನು ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದರು. 45 ಸೆಂ.ಮೀ. ಬಾಕ್ಸಿನ ಮೇಲೆ ಕೂತೇಳುವ ಸ್ಕ್ವಾಟ್‌ನಿಂದ ಶುರುಮಾಡಿ, 12 ಕೆಜಿ ಡಂಬೆಲ್ ಎದೆಗೆ ಹಿಡಿದು ಹತ್ತರಂತೆ ಮೂರು ಸೆಟ್‌ವರೆಗೆ ತಂದಿದ್ದರು. ಪ್ರತಿ ಸೆಟ್ಟಿನ ತೂಕ, ರೆಪ್ (ಎಷ್ಟು ಸಲ ಮಾಡಿದ್ದು), ವಿಶ್ರಾಂತಿಯ ನಿಮಿಷ ಎಲ್ಲವೂ ಲಾಗ್‌ಬುಕ್ಕಿನಲ್ಲಿದೆ. ಅವರು ನವೆಂಬರ್ 22ರಂದು ಕೆಲಸ ಬಿಟ್ಟರು. ಬದಲಿಗೆ ಬಂದವರು ಆ ಪುಸ್ತಕ ತೆರೆಯಲೇ ಇಲ್ಲ. ಮೊದಲ ದಿನವೇ 20 ಕೆಜಿ ಕೈಗೆ ಕೊಟ್ಟರು, ಅದರ ಬೆನ್ನಿಗೇ ಜಂಪಿಂಗ್ ಲಂಜ್ ಮಾಡಿಸಿದರು. ನೆಗೆದು ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಇಟ್ಟು ಮಂಡಿ ಬಗ್ಗಿಸಿ ಇಳಿಯುವಾಗ ಮುಂದಿನ ಮೊಣಕಾಲಿನ ಮೇಲೆ ಬೀಳುವ ಹೊರೆ ದೇಹದ ತೂಕವನ್ನು ಎಷ್ಟೋ ಮೀರುತ್ತದೆ. ಮೆನಿಸ್ಕಸ್ ಹರಿದಿದ್ದ ಮೊಣಕಾಲಿಗೆ ಅದು ತೀರಾ ಕೊನೆಗೆ ಬರಬೇಕಾದ ವ್ಯಾಯಾಮ, ಬಾರದಿದ್ದರೂ ನಷ್ಟವಿಲ್ಲ. ಅದೇ ಗಂಟೆಯಲ್ಲಿ ಅವರು ಇನ್ನಿಬ್ಬರು ಸದಸ್ಯರನ್ನೂ ನೋಡಿಕೊಳ್ಳುತ್ತಿದ್ದರು. ಮೂವರಿಗೆ ಒಬ್ಬ ಟ್ರೈನರ್ ಎಂದರೆ ಅದು ಗ್ರೂಪ್ ಕ್ಲಾಸ್, ನಿಮ್ಮ ದರಪಟ್ಟಿಯಲ್ಲಿ ಅದಕ್ಕೆ ತಲೆಗೆ 400 ರೂಪಾಯಿ. ಅವರ ತರಬೇತಿ ಪ್ರಮಾಣಪತ್ರ ಮತ್ತು ಸಿಪಿಆರ್ (ಹೃದಯ ನಿಂತಾಗ ಮಾಡುವ ತುರ್ತು ಚಿಕಿತ್ಸೆ) ಕಲಿತ ಕಾರ್ಡ್ ಕೇಳಿದೆ. ಇವತ್ತಿನವರೆಗೂ ತೋರಿಸಿಲ್ಲ.

ಇಷ್ಟಾದರೂ ಜನವರಿ 5ರ ಇಮೇಲ್‌ನಲ್ಲಿ ನಾನು ಹಣ ವಾಪಸ್ ಕೇಳಿರಲಿಲ್ಲ. ಉಳಿದ 23 ಸೆಷನ್ ಹಾಳಾಗದಂತೆ, ನಿಮಗೂ ಹೊರೆಯಾಗದಂತೆ ಮೂರು ದಾರಿ ಸೂಚಿಸಿದ್ದೆ. ಪರ್ಸನಲ್ ಟ್ರೈನಿಂಗ್ ಖರ್ಚು ಇಳಿಸಲು ಅನುಭವಿ ಟ್ರೈನರ್‌ಗಳು ತಾವಾಗಿಯೇ ಹೇಳಿಕೊಡುವ ದಾರಿಗಳಿವು.

ಮೊದಲನೆಯದು, ವಾರಕ್ಕೆ ಮೂರರ ಬದಲು ಒಂದೇ ಸೆಷನ್. ಉಳಿದೆರಡು ದಿನ ಟ್ರೈನರ್ ಬರೆದುಕೊಟ್ಟ ಹಾಳೆ ಹಿಡಿದು ನಾನೇ ಮಾಡಿಕೊಳ್ಳುತ್ತೇನೆ: ಒಂದು ಸ್ಕ್ವಾಟ್, ಸೊಂಟ ಬಗ್ಗಿಸುವ ಒಂದು ವ್ಯಾಯಾಮ, ಒಂದು ತಳ್ಳುವುದು, ಒಂದು ಎಳೆಯುವುದು, ತಲಾ ಮೂರು ಸೆಟ್, 8ರಿಂದ 12 ರೆಪ್. ಮೂರೂ ಸೆಟ್‌ನಲ್ಲಿ 12 ಮುಟ್ಟಿದ ಮೇಲೆ 2.5 ಕೆಜಿ ಏರಿಸಿ ಮತ್ತೆ ಎಂಟರಿಂದ ಶುರು. ಹೊಸಬರಿಗೆ ತಿಂಗಳುಗಟ್ಟಲೆ ಇಷ್ಟು ಸಾಕು. ಟ್ರೈನರ್ ಕಣ್ಣು ಬೇಕಾಗುವುದು ಹೊಸ ಚಲನೆ ಕಲಿಯುವಾಗ, ತೂಕ ಏರಿದಾಗ, ನೋವು ಬಂದಾಗ. ಹೀಗೆ 23 ಸೆಷನ್ 23 ವಾರ ಬರುತ್ತದೆ. ನೀವು ಮಾಡಬೇಕಾದದ್ದು ಪ್ಯಾಕೇಜಿನ 90 ದಿನದ ಅವಧಿ ವಿಸ್ತರಿಸುವುದು ಮಾತ್ರ.

ಎರಡನೆಯದು, ನನ್ನ ಕಟ್ಟಡದ ಇನ್ನೊಬ್ಬ ಸದಸ್ಯೆಯೊಂದಿಗೆ ಜೋಡಿ ಸೆಷನ್. ನಿಮ್ಮ ದರಪಟ್ಟಿಯಲ್ಲೇ ತಲೆಗೆ 600ರಂತೆ ಇದೆ. ಟ್ರೈನರ್‌ಗೆ ಗಂಟೆಗೆ 200 ಹೆಚ್ಚೇ ಸಿಗುತ್ತದೆ.

ಮೂರನೆಯದು ಗಡಿಯಾರದ ವಿಷಯ. 60 ನಿಮಿಷಕ್ಕೆ 1,000 ರೂಪಾಯಿ. ಅದರಲ್ಲಿ ಮೊದಲ 15 ನಿಮಿಷ ಟ್ರೆಡ್‌ಮಿಲ್, ಕೊನೆಯ 10 ನಿಮಿಷ ಸ್ಟ್ರೆಚಿಂಗ್, ಅಷ್ಟೂ ಹೊತ್ತು ಟ್ರೈನರ್ ಕೈಯಲ್ಲಿ ಮೊಬೈಲ್. ಸೆಷನ್‌ಗೆ 417 ರೂಪಾಯಿ ಅಲ್ಲೇ ಕರಗುತ್ತದೆ. ಕಾಲು ಗಂಟೆ ಮುಂಚೆ ಬಂದು ವಾರ್ಮ್‌ಅಪ್ ಮುಗಿಸಿಕೊಂಡಿರುತ್ತೇನೆ, ಗಂಟೆ ಪೂರ್ತಿ ತೂಕದ ಕೆಲಸಕ್ಕೆ ಕೊಡಿ ಎಂದಿದ್ದೆ.

ಇದಕ್ಕೆ ಉತ್ತರ ಜನವರಿ 17, ಶನಿವಾರ, ಬೆಳಿಗ್ಗೆ 7:40ಕ್ಕೆ ಫ್ರಂಟ್ ಡೆಸ್ಕ್‌ನಲ್ಲಿ ಸಿಕ್ಕಿತು. ಮ್ಯಾನೇಜರ್ ಕೂತಿದ್ದರು, ನಾನು ನಿಂತಿದ್ದೆ. ಗೇಟಿನ ಬಳಿ ಏಳೆಂಟು ಮಂದಿ ಬೆರಳಚ್ಚು ಕೊಡಲು ಸಾಲಿನಲ್ಲಿದ್ದರು. ಇಮೇಲ್‌ನ ಪ್ರಿಂಟ್ ಮುಂದಿಟ್ಟೆ. ಓದಲಿಲ್ಲ, ಮಡಿಸಿ ಕೀಬೋರ್ಡ್ ಕೆಳಗೆ ಸರಿಸಿದರು. 'ಮೇಡಂ, ಇಷ್ಟು ಲೆಕ್ಕ ಹಾಕುವವರು ಪರ್ಸನಲ್ ಟ್ರೈನರ್ ಇಟ್ಟುಕೊಳ್ಳಬಾರದು, ಯೂಟ್ಯೂಬ್ ನೋಡಿಕೊಂಡು ಮನೆಯಲ್ಲಿ ಮಾಡಬೇಕು' ಎಂದರು. ಷರತ್ತು 9ನ್ನು ಓದಿ ಹೇಳಿದೆ. ಅವರು ಸ್ಕ್ರೀನ್ ತಮ್ಮ ಕಡೆ ತಿರುಗಿಸಿಕೊಂಡು ನನ್ನ ಫೈಲ್ ತೆರೆದು, ಸಾಲಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಓದಿದರು: 'ತೂಕ 84.6. ಬಾಡಿ ಫ್ಯಾಟ್ 38, ಬಂದಾಗ 36 ಇತ್ತು. ಟ್ರೈನರ್ ತಪ್ಪಲ್ಲ ಮೇಡಂ, ನೀವು ಊಟ ಬಿಟ್ಟಿಲ್ಲ.' ಸಾಲಿನಲ್ಲಿ ಯಾರೋ ನಕ್ಕರು. ದನಿ ತಗ್ಗಿಸಿ ಎಂದು ಕೇಳಿಕೊಂಡೆ. ಡ್ರಾಯರಿನಿಂದ ಎರಡು ಕೆಜಿಯ ಪ್ರೋಟೀನ್ ಡಬ್ಬಿ ತೆಗೆದು ಮೇಜಿನ ಮೇಲೆ ಇಟ್ಟು, 'ಇದನ್ನು ತಗೊಳ್ಳಿ, ಎಕ್ಸ್‌ಟೆನ್ಷನ್ ಬಗ್ಗೆ ಆಮೇಲೆ ಮಾತಾಡೋಣ' ಎಂದರು.

ನನ್ನ ದೇಹದ ಅಳತೆ ನಿಮ್ಮ ಸಿಬ್ಬಂದಿ ಬೀದಿಯಲ್ಲಿ ಕೂಗುವ ಮಾಲಲ್ಲ. ಆ ಅಂಕಿಯೂ ಅಳತೆಯ ಕ್ರಮದಲ್ಲಿ ಬಂದದ್ದಲ್ಲ. ನಿಂತು ಅಳೆಯುವ ಆ ಯಂತ್ರ ಮೈಯಲ್ಲಿರುವ ನೀರಿಗೆ ತಕ್ಕಂತೆ ಅಂಕಿ ಬದಲಿಸುತ್ತದೆ. ಮೊದಲ ಅಳತೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಎರಡನೆಯದು ಸಂಜೆ ವ್ಯಾಯಾಮದ ನಂತರ. ಎರಡನ್ನೂ ಹೋಲಿಸಬಾರದು ಎಂಬುದು ಯಂತ್ರ ಇಟ್ಟುಕೊಂಡ ಯಾರಿಗೂ ಗೊತ್ತಿರಬೇಕು. ಊಟದ ಮಾತು ಎತ್ತುವ ಮೊದಲು ನೀವೇ ಕೊಟ್ಟ ಡಯಟ್ ಹಾಳೆ ನೋಡಿ. ಫಾರ್ಮಿನಲ್ಲಿ ಸಸ್ಯಾಹಾರಿ ಎಂದು ಬರೆದವಳಿಗೆ ಬೆಳಿಗ್ಗೆ ಆರು ಮೊಟ್ಟೆಯ ಬಿಳಿ, ರಾತ್ರಿ ಚಿಕನ್.

ನಾನು ಕೇಳುವ ಮೊತ್ತ 28,830 ರೂಪಾಯಿ. ಆದ 13 ಸೆಷನ್‌ಗೆ ಶೇ. 5 ತೆರಿಗೆ ಸೇರಿ 13,650 ಇಟ್ಟುಕೊಳ್ಳಿ, ಉಳಿದದ್ದು ಕೊಡಿ. ಬಿಡಿ ಸೆಷನ್ ದರ 1,300ರಂತೆ ಮತ್ತೆ ಲೆಕ್ಕ ಹಾಕುತ್ತೇವೆ ಎಂದು ಷರತ್ತು 14ನ್ನು ಎಳೆಯಬೇಡಿ. ಅದು ಸದಸ್ಯರೇ ಬಿಟ್ಟುಹೋದಾಗಿನ ಮಾತು. ಇಲ್ಲಿ ಸೇವೆ ನಿಲ್ಲಿಸಿದವರು ನೀವು. ಫೆಬ್ರವರಿ 1ಕ್ಕೆ ಅವಧಿ ಮುಗಿಯಿತೆಂದು ನೀವು ಸುಮ್ಮನಾದರೆ ನನಗೆ ಒಂದೊಂದು ಸೆಷನ್ ಬಿದ್ದದ್ದು 3,268 ರೂಪಾಯಿ.

ಕೊರತೆಯ ಸೇವೆ ನಿಲ್ಲಿಸಿ ಹಣ ಹಿಂದಿರುಗಿಸಲು ನಿರಾಕರಿಸುವುದು ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಕಲಂ 2(47)ರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಫೆಬ್ರವರಿ 11ರೊಳಗೆ ಹಣ ಖಾತೆಗೆ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ದಾಖಲಾಗುತ್ತದೆ, ಅದರ ಹಿಂದೆಯೇ ಮುಂಬಯಿ ಉಪನಗರ ಜಿಲ್ಲಾ ಗ್ರಾಹಕ ಆಯೋಗಕ್ಕೆ ಅರ್ಜಿ ಹೋಗುತ್ತದೆ. ಐದು ಲಕ್ಷದವರೆಗಿನ ಪ್ರಕರಣಕ್ಕೆ ಅಲ್ಲಿ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ, ನಾನು ವಾಸಿಸುವ ಜಿಲ್ಲೆಯಲ್ಲೇ ದಾಖಲಿಸಬಹುದು. ಬೆಂಗಳೂರಿನಿಂದ ಇಲ್ಲಿಗೆ ಓಡಾಡಬೇಕಾದವರು ನೀವು. ಆಗ 28,830ರ ಜೊತೆ ಜನವರಿ 17ರ ಅವಮಾನಕ್ಕೂ ಪರಿಹಾರ ಕೇಳುತ್ತೇನೆ. ಶೇ. 18ರ ಬಿಲ್ಲಿನ ಪ್ರತಿ ಜಿಎಸ್‌ಟಿ ಇಲಾಖೆಗೆ ಪ್ರತ್ಯೇಕವಾಗಿ ಹೋಗುತ್ತದೆ. ಆ ದಿನ ಡೆಸ್ಕ್‌ನ ಮೇಲಿದ್ದ ಕ್ಯಾಮೆರಾದ ರೆಕಾರ್ಡಿಂಗ್ ಅಳಿಸಬೇಡಿ. ಅದನ್ನು ಆಯೋಗದ ಮುಂದೆ ತರಿಸುತ್ತೇನೆ.

ಇಂತಿ,
ಮುಲುಂಡ್ ಪಶ್ಚಿಮ ಶಾಖೆಯ ಸದಸ್ಯೆ

ಲಗತ್ತು: ಬಿಲ್, ಲಾಗ್‌ಬುಕ್ಕಿನ ಪುಟಗಳು, ಮುಚ್ಚಿದ ಮೂರು ಟಿಕೆಟ್‌ಗಳ ಸ್ಕ್ರೀನ್‌ಶಾಟ್, ಜನವರಿ 5ರ ಇಮೇಲ್