ನಿದ್ದೆಯನ್ನು ಬರೆಯುವಾಗ

ಪ್ರೀತಿಯ ತಮ್ಮಾ,

ಕಥೆ ಓದಿದೆ. ಇಷ್ಟವಾಯಿತು, ಆದರೆ ಒಂದು ತಕರಾರಿದೆ. ಮಲಗಿರುವ ಅಪ್ಪನನ್ನು ಮಗಳು ನೋಡುವ ಭಾಗವಿದೆಯಲ್ಲ, ಅಲ್ಲಿ 'ಮಗುವಿನಂತೆ ಮಲಗಿದ್ದರು' ಎಂದು ಬರೆದು ಮುಂದೆ ಹೋಗಿಬಿಟ್ಟಿದ್ದೀಯ. ಎಲ್ಲರ ಕಥೆಯಲ್ಲೂ ಎಲ್ಲರೂ ಹೀಗೇ ಮಲಗುತ್ತಾರೆ. ಆ ಅಪ್ಪ ಹೇಗೆ ಮಲಗುತ್ತಾರೆ?

ಮಲಗಿದವರಿಗೆ ತಮ್ಮ ನಿದ್ದೆ ಕಾಣುವುದಿಲ್ಲ. ಅದು ಕಾಣುವುದು ಪಕ್ಕದಲ್ಲಿ ಎಚ್ಚರ ಇರುವವರಿಗೆ. ಹಾಗಾಗಿ ಮಗಳ ಕಣ್ಣನ್ನೇ ನಂಬು. ಮೊದಲು ಬೆರಳು ಸಡಿಲವಾಗಿ ಕೈಲಿದ್ದ ಪೇಪರ್ ಎದೆ ಮೇಲೆ ಜಾರುತ್ತದೆ. ಒಮ್ಮೆ ಮೈ ಸುಮ್ನೆ ಬೆಚ್ಚಿಬೀಳುತ್ತದೆ. ಆಮೇಲೆ ಉಸಿರು ಒಂದೇ ಸಮ ಆಗುತ್ತದೆ, ಬಾಯಿ ಚೂರು ತೆರೆದುಕೊಳ್ಳುತ್ತದೆ. ಎಷ್ಟೋ ಹೊತ್ತಾದ ಮೇಲೆ ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಅತ್ತಿತ್ತ ಓಡಾಡುತ್ತದೆ. ನಿದ್ದೆಯ ಬಗ್ಗೆ ಸಂಶೋಧನೆ ಮಾಡಿದ ಷಿಕಾಗೋದ ಅಸೆರಿನ್ಸ್ಕಿ ಮತ್ತು ಕ್ಲೈಟ್‌ಮನ್ 1953ರಲ್ಲಿ ಪ್ರಕಟಿಸಿದ್ದು ಇದರ ಬಗ್ಗೆಯೇ. ಆ ಹೊತ್ತಿನಲ್ಲಿ ಎಬ್ಬಿಸಿದರೆ ಹೆಚ್ಚಿನವರು ಕನಸು ಹೇಳುತ್ತಿದ್ದರು.

ನಿನ್ನ ಕಥೆಯ ಅಪ್ಪನೋ, ಕಣ್ಣು ಮುಚ್ಚಿದ ಹತ್ತು ನಿಮಿಷಕ್ಕೇ ಎರಡು ಪುಟದ ಕನಸು ಕಂಡು ಕೈಕಾಲು ಬಡಿಯುತ್ತಾರೆ! ಸ್ವಲ್ಪ ತಡಿ. ಕಣ್ಣುಗುಡ್ಡೆ ಓಡಾಡುವ ಆ ಹಂತ ಸಾಮಾನ್ಯವಾಗಿ ಶುರುವಾಗುವುದು ನಿದ್ದೆ ಹತ್ತಿ ಸುಮಾರು 90 ನಿಮಿಷ ಆದಮೇಲೆ. ಬೆಳಗಿನ ಜಾವಕ್ಕೆ ಅದು ಉದ್ದವಾಗುತ್ತದೆ. ಆ ಹಂತದಲ್ಲಿ ಕೈಕಾಲಿನ ಸ್ನಾಯುಗಳಿಗೆ ಶಕ್ತಿಯೇ ಇರುವುದಿಲ್ಲ. ಕನಸಿನಲ್ಲಿ ಓಡುತ್ತಿರುವವರ ಬೆರಳು ಹಾಸಿಗೆಯಲ್ಲಿ ಒಂದಿಷ್ಟು ಮಿಡುಕುತ್ತದೆ, ಅಷ್ಟೇ. (ಕೆಲವರು ನಿಜಕ್ಕೂ ಬಡಿಯುತ್ತಾರೆ, ಅದು ಕಾಯಿಲೆ. ನಿನ್ನ ಕಥೆಗೆ ಅದು ಬೇಕಿದ್ದರೆ ಬೇರೆ ಮಾತು.) ನನಗೆ ಕೇಳಿದರೆ, ಓಡಲಾಗದ ಆ ಮೈಯೇ ಜಾಸ್ತಿ ಭಯ ಹುಟ್ಟಿಸುತ್ತದೆ.

ಫ್ಯೂಸೆಲಿ 1781ರಲ್ಲಿ ಬರೆದ 'ದ ನೈಟ್‌ಮೇರ್' ಚಿತ್ರ ನೋಡಿದ್ದೀಯಲ್ವಾ? ಮಲಗಿದ ಹೆಂಗಸಿನ ಎದೆ ಮೇಲೆ ಕೂತ ಭೂತದ ಬಗ್ಗೆಯೇ ಎಲ್ಲರೂ ಮಾತಾಡುತ್ತಾರೆ. ನೀನು ಹಾಸಿಗೆಯಿಂದ ಕೆಳಗೆ ಜೋತುಬಿದ್ದ ಆ ಹೆಂಗಸಿನ ತೋಳು ನೋಡು. ಭೂತ ಇಲ್ಲದಿದ್ದರೂ ನಡೆಯುತ್ತಿತ್ತು.

ಅದಕ್ಕಿಂತ ನನಗಿಷ್ಟ ಡಚ್ ಚಿತ್ರಕಾರ ವರ್ಮೀರ್. ಸುಮಾರು 1656-57ರ ಚಿತ್ರ. ಮೇಜಿಗೆ ಮೊಣಕೈ ಊರಿ, ಕೆನ್ನೆಗೆ ಕೈಕೊಟ್ಟು ತೂಕಡಿಸುವ ಹುಡುಗಿ. ಹಿಂದೆ ಅರೆತೆರೆದ ಬಾಗಿಲು, ಆಚೆ ಖಾಲಿ ಕೋಣೆ. ಎಕ್ಸ್‌ರೇ ತೆಗೆದು ನೋಡಿದರೆ, ಮೊದಲು ಬಾಗಿಲಲ್ಲಿ ಒಂದು ನಾಯಿ ಇತ್ತು, ಒಳಕೋಣೆಯಲ್ಲಿ ಒಬ್ಬ ಗಂಡಸಿದ್ದ. ಎರಡರ ಮೇಲೂ ವರ್ಮೀರ್ ಬಣ್ಣ ಬಳಿದುಬಿಟ್ಟ. ಆ ಗಂಡಸು ಉಳಿದಿದ್ದರೆ ಅವನು ಯಾರು, ಯಾಕೆ ಬಂದ ಎಂದು ಕೇಳುತ್ತಾ ನಾವು ಹುಡುಗಿಯನ್ನು ಮರೆಯುತ್ತಿದ್ದೆವು. ನಿನ್ನ ಎರಡು ಪುಟದ ಕನಸು ಮಾಡುತ್ತಿರುವುದೂ ಅದೇ ಕೆಲಸ. ಅದನ್ನು ತೆಗೆದು ಕಥೆಯನ್ನು ಒಮ್ಮೆ ಓದಿ ನೋಡು.

ಇನ್ನು ಮಗಳು ಎಬ್ಬಿಸಿದ ಕೂಡಲೇ ಅಪ್ಪ ಬುದ್ಧಿಮಾತು ಹೇಳುವ ಭಾಗ. ಗಾಢ ನಿದ್ದೆಯಿಂದ ಎದ್ದವರು ತಕ್ಷಣ ಬುದ್ಧಿಮಾತು ಹೇಳುವುದಿಲ್ಲ, ಕಣಪ್ಪಾ. ಕೆಲವು ನಿಮಿಷ ದಿಕ್ಕೇ ತೋಚುವುದಿಲ್ಲ. ಹಗಲೋ ರಾತ್ರಿಯೋ ಎಂದು ಕೇಳಬಹುದು. ಮಗಳನ್ನು ಬೇರೆ ಯಾರದೋ ಹೆಸರಿನಿಂದ ಕರೆಯಬಹುದು. ಯಾರ ಹೆಸರು ಎಂದು ನೀನೇ ಯೋಚಿಸು. ತಿದ್ದಿದ ಪ್ರತಿ ಕಳಿಸು, ಅವಸರವಿಲ್ಲ.