ಶನಿವಾರದ ಆನ್‌ಲೈನ್ ಸಭೆ: ರೆವಿಟ್ ಅಪ್‌ಗ್ರೇಡ್ ಮತ್ತು ಐಎಫ್‌ಸಿ

ಎಲ್ಲರಿಗೂ ನಮಸ್ಕಾರ 🙏

ಈ ಶನಿವಾರ ಸಂಜೆ 6ಕ್ಕೆ ಆನ್‌ಲೈನ್‌ನಲ್ಲಿ ಸೇರೋಣ. ಕಟ್ಟಡದ 3ಡಿ ಮಾಡೆಲ್ ಹಂಚಿಕೊಂಡು ಕೆಲಸ ಮಾಡುವವರು ತಪ್ಪದೆ ಬನ್ನಿ.

ಅಲ್ಲಿಯವರೆಗೆ ದಯವಿಟ್ಟು ಯಾರೂ ಚಾಲ್ತಿಯಲ್ಲಿರುವ ಪ್ರಾಜೆಕ್ಟನ್ನು ರೆವಿಟ್‌ನ (ನಾವು ಮಾಡೆಲ್ ಮಾಡುವ ಸಾಫ್ಟ್‌ವೇರ್) ಹೊಸ ಆವೃತ್ತಿಯಲ್ಲಿ ತೆರೆದು ಸೇವ್ ಮಾಡಬೇಡಿ. ಒಮ್ಮೆ ಸೇವ್ ಆದ ಫೈಲ್ ಹಳೆಯ ಆವೃತ್ತಿಯಲ್ಲಿ ತೆರೆಯುವುದಿಲ್ಲ, ಹಿಂದಕ್ಕೆ ದಾರಿಯೇ ಇಲ್ಲ. ನಾನು ಒಮ್ಮೆ ಹೀಗೆ ಮಾಡಿ ಸ್ಟ್ರಕ್ಚರಲ್ ಎಂಜಿನಿಯರ್ ಕೈಲಿ ಚೆನ್ನಾಗಿ ಬೈಸಿಕೊಂಡಿದ್ದೇನೆ! ಮೊದಲು ಬ್ಯಾಕಪ್ ತೆಗೆಯಿರಿ, ಪ್ರತಿಯ ಮೇಲೆ ಪ್ರಯೋಗ ಮಾಡಿ, ರೆವಿಟ್‌ಗೆ ಸೇರಿಸಿಕೊಂಡ ಪ್ಲಗಿನ್‌ಗಳು ಓಡುತ್ತವೆಯೇ ನೋಡಿ.

ಎರಡನೆಯ ವಿಷಯ ಐಎಫ್‌ಸಿ, ಅಂದರೆ ಬೇರೆ ಬೇರೆ ಸಾಫ್ಟ್‌ವೇರ್‌ಗಳ ನಡುವೆ ಮಾಡೆಲ್ ಹಂಚಿಕೊಳ್ಳುವ ಮುಕ್ತ ಫೈಲ್ ರೂಪ. ಅದರ 4.3 ಆವೃತ್ತಿ 2024ರಲ್ಲಿ ಐಎಸ್‌ಒ ಮಾನದಂಡವಾಗಿದೆ. ಅದರಲ್ಲಿ ಹೊಸತಾಗಿ ಸೇರಿದ್ದು ಹೆಚ್ಚಾಗಿ ರಸ್ತೆ, ರೈಲು, ಸೇತುವೆ, ಬಂದರು. ಬರೀ ಕಟ್ಟಡ ಮಾಡುವ ನಮಗೆ ಅವಸರವಿಲ್ಲ ಎಂಬುದು ನನ್ನ ಅಭಿಪ್ರಾಯ. ಎದುರಿನವರ ಸಾಫ್ಟ್‌ವೇರ್ ಯಾವ ಐಎಫ್‌ಸಿ ಆವೃತ್ತಿಯನ್ನು ಓದುತ್ತದೆ ಎಂದು ಕೇಳಿಯೇ ಎಕ್ಸ್‌ಪೋರ್ಟ್ ಮಾಡಿ.

ಸಮಯ ಉಳಿದರೆ ಫೋರ್ಮಾ ಎಂಬ ಸಾಫ್ಟ್‌ವೇರ್‌ನಲ್ಲಿ ಬಿಸಿಲು, ಗಾಳಿ, ಶಬ್ದದ ವಿಶ್ಲೇಷಣೆ ತೋರಿಸುತ್ತೇನೆ. ಆರಂಭದ ಮಾಸಿಂಗ್ (ಕಟ್ಟಡದ ಒಟ್ಟು ಆಕಾರ, ಗಾತ್ರ ನೋಡುವ) ಹಂತಕ್ಕೆ ಬಲು ಉಪಯುಕ್ತ.

ಬರುವವರು ಗುರುವಾರದೊಳಗೆ "ಹೌದು" ಎಂದು ಬರೆದು, ಜೊತೆಗೆ ಈಗ ಬಳಸುತ್ತಿರುವ ರೆವಿಟ್ ಆವೃತ್ತಿಯನ್ನೂ ತಿಳಿಸಿ. ಬರೀ ಥಂಬ್ಸ್‌ಅಪ್ ಸಾಲದು 🙂